ದೇವದೂತರನ್ನು ಹುಡುಕಿ ಹೊರಟವಳು ಬೇಲೂರಿನ ಬಾಗಿಲಲ್ಲಿ ನಿಂತೆ

ಎಂ.ಎ. ಕೊನೆಯ ಸೆಮಿಸ್ಟರಿಗೆ ಒಂದು ಕಿರುಪ್ರಬಂಧ ಒಪ್ಪಿಸಬೇಕಿತ್ತು. ಜೊತೆಯವರೆಲ್ಲ ವಚನ, ಜಾನಪದ ಅಂತ ನಡೆದು ಸವೆದ ದಾರಿ ಹಿಡಿದರು. ನಾನೋ, ಯಾರೂ ಮುಟ್ಟದ್ದನ್ನು ಮುಟ್ಟುತ್ತೇನೆ ಅನ್ನೋ ಹುಮ್ಮಸ್ಸಿನಲ್ಲಿ ಒಂದು ಹಾಳೆಯ ಮೇಲೆ ‘ದೇವದೂತರು ಮತ್ತು ದೆವ್ವಗಳು: ಒಂದು ತೌಲನಿಕ ಅಧ್ಯಯನ’ ಅಂತ ದಪ್ಪಕ್ಷರದಲ್ಲಿ ಬರೆದು ಗೈಡ್ ಮೇಡಂ ಮುಂದೆ ಇಟ್ಟೆ. ಅವರು ಕನ್ನಡಕ ಹಣೆಗೇರಿಸಿ, “ಇದು ಪ್ರಬಂಧದ ಹೆಸರೋ, ಲೈಬ್ರರಿ ಬೀರುವಿನ ಹೆಸರೋ?” ಅಂದರು. ಬೇಡ ಅಂತ ಮಾತ್ರ ಹೇಳಲಿಲ್ಲ. “ಮೂರು ವಾರ ಓದ್ಕೊಂಡು ಬಾ, ನೀನೇ ಹೇಳ್ತೀಯ” ಅಂತ ಕಳಿಸಿದರು.

ಆ ಮೂರು ವಾರದಲ್ಲಿ ಇನ್ನೂರು ಪುಟದ ನೋಟ್‌ಬುಕ್ಕೊಂದು ಭರ್ತಿಯಾಯಿತು. ನಡುವೆ ಗೆರೆ ಎಳೆದು ಎಡಕ್ಕೆ ಏಂಜೆಲ್ ಕಡೆಯವರು, ಬಲಕ್ಕೆ ಡೀಮನ್ ಕಡೆಯವರು. ಎಡಗಡೆ ಗಬ್ರಿಯೇಲ, ಮಿಕಾಯೇಲ, ಬೈಬಲ್ಲಿನ ಪ್ರವಾದಿ ಯೆಶಾಯನಿಗೆ ಕಂಡ ಆರು ರೆಕ್ಕೆಯ ಸೆರಾಫರು, ಯೆಹೆಜ್ಕೇಲನಿಗೆ ಕಂಡ ನಾಲ್ಕು ಮುಖದ ಕೆರೂಬಿಗಳು. ಅವರ ಕೆಳಗೆ ನಮ್ಮ ಗಂಧರ್ವ, ಕಿನ್ನರ, ಯಕ್ಷ. ಬಲಗಡೆ ಅಸುರ, ದೈತ್ಯ, ದಾನವ, ರಾಕ್ಷಸ, ಪಿಶಾಚಿ, ಬೇತಾಳ, ದೆವ್ವ. ನೋಡೋದಕ್ಕೆ ಚೆನ್ನಾಗಿತ್ತು. ಕಿರಾಣಿ ಅಂಗಡಿ ಚೀಟಿಯೂ ಚೆನ್ನಾಗೇ ಇರುತ್ತೆ, ಅದರಿಂದ ಅಡಿಗೆ ಆಗೋದಿಲ್ಲ.

ಎಡವಟ್ಟು ಎಲ್ಲಿದೆ ಅಂತ ಗೊತ್ತಾಗಿದ್ದು ಬಲಗಡೆಯ ಸಾಲನ್ನು ಇಂಗ್ಲಿಷ್ ಪುಸ್ತಕಗಳ ಜೊತೆ ಹೋಲಿಸಲು ಕೂತಾಗ. ಈ ಏಳು ಪದಕ್ಕೂ ಅಲ್ಲಿ ಬಹುಮಟ್ಟಿಗೆ ಒಂದೇ ಪದ: ಡೀಮನ್. ಆದರೆ ದೈತ್ಯರು ದಿತಿಯ ಮಕ್ಕಳು, ದಾನವರು ದನುವಿನ ಮಕ್ಕಳು, ಆದಿತ್ಯರು ಅದಿತಿಯ ಮಕ್ಕಳು. ಮೂವರಿಗೂ ಅಪ್ಪ ಕಶ್ಯಪನೇ. ಅಂದರೆ ನಮ್ಮಲ್ಲಿ ದೇವಾಸುರ ಯುದ್ಧ ಅನ್ನೋದು ದಾಯಾದಿಗಳ ಜಗಳ. ಅದನ್ನು ಬೈಬಲ್ಲಿನ ಸೈತಾನನ ಪಕ್ಕ ಕೂರಿಸಿ ‘ಒಳಿತು ಕೆಡುಕುಗಳ ಸಂಘರ್ಷ’ ಅಂತ ಬರೆದರೆ ಎರಡಕ್ಕೂ ಅನ್ಯಾಯ.

ಹಾಗಾಗಿ ಪಟ್ಟಿ ಬಿಟ್ಟು ಪದಗಳ ಬೆನ್ನು ಹತ್ತಿದೆ. ನನಗೆ ನಿಜವಾಗಿ ಖುಷಿ ಕೊಟ್ಟ ದಿನಗಳು ಅವು. ಏಂಜೆಲ್ ಅನ್ನೋದರ ಮೂಲ ಗ್ರೀಕಿನ ಆಂಗೆಲೋಸ್, ಸುದ್ದಿ ತರುವವನು ಅಂತ ಅರ್ಥ. ಹೀಬ್ರೂವಿನ ಮಲಾಖ್ ಕೂಡ ಅದೇ. ಸಂತ ಅಗಸ್ಟೀನ್ ಇದನ್ನು ಬಿಡಿಸಿಯೇ ಹೇಳಿದ್ದಾನೆ: ಅದು ಹುದ್ದೆಯ ಹೆಸರು, ಸ್ವಭಾವದ ಹೆಸರಲ್ಲ. ನಮ್ಮ ಕನ್ನಡ ಬೈಬಲ್ಲಿನ ‘ದೇವದೂತ’ ಎಷ್ಟು ಸರಿಯಾದ ಅನುವಾದ ಅಂತ ಆಗ ಹೊಳೆಯಿತು. ಡೀಮನ್ ಕಡೆಯ ಕಥೆ ಇನ್ನೂ ಸ್ವಾರಸ್ಯ. ಗ್ರೀಕರ ದೈಮೋನ್ ಕೆಟ್ಟದ್ದೇನೂ ಅಲ್ಲ, ದೇವರಿಗೂ ಮನುಷ್ಯರಿಗೂ ನಡುವೆ ಓಡಾಡುವ ಶಕ್ತಿ. ತಪ್ಪು ಹೆಜ್ಜೆ ಇಡುವಾಗ ತನ್ನನ್ನು ತಡೆಯುವ ಒಳದನಿಯನ್ನು ಸಾಕ್ರೆಟಿಸ್ ದೈಮೋನಿಯೋನ್ ಅಂತಲೇ ಕರೆದ. ಕ್ರೈಸ್ತ ಧರ್ಮ ಹಬ್ಬಿದ ಮೇಲೆ ಹಳೆಯ ದೇವರುಗಳೆಲ್ಲ ಕೆಳಗಿಳಿದರು, ಪದವೂ ಅವರ ಜೊತೆ ಇಳಿಯಿತು. ಇರಾನಿನಲ್ಲಿ, ಪಾರ್ಸಿಗಳ ಧರ್ಮಗ್ರಂಥವಾದ ಅವೆಸ್ತಾದ ದಯೇವ ಕೆಟ್ಟವನು, ಅಹುರ ಒಡೆಯ. ನಮ್ಮಲ್ಲಿ ದೇವ ಒಳ್ಳೆಯವನು, ಅಸುರ ಕೆಟ್ಟವನು. ನಮ್ಮಲ್ಲೂ ಮೊದಲಿಂದ ಹಾಗಿರಲಿಲ್ಲ. ಋಗ್ವೇದದಲ್ಲಿ ವರುಣನನ್ನು ಅಸುರ ಅಂತ ಕರೆದದ್ದು ಹೊಗಳುವುದಕ್ಕೆ.

ಇಷ್ಟೆಲ್ಲ ಓದಿ ಆದ ಮೇಲೆ ಒಂದು ರಾತ್ರಿ ಹಾಸ್ಟೆಲ್ಲಿನಲ್ಲಿ ನಿಘಂಟು ತಿರುವುತ್ತಾ ನೋಡ್ತೀನಿ, ನಮ್ಮ ದೆವ್ವವೂ ಅದೇ ಜಾತಿ: ‘ದೈವ’ದ ತದ್ಭವ. ಊರಿನಲ್ಲಿ ಹುಣಸೆಮರದ ಹತ್ತಿರ ಹೋಗಬೇಡ ಅಂತ ಹೆದರಿಸುತ್ತಿದ್ದರಲ್ಲ, ಆ ದೆವ್ವ. ಗ್ರೀಸಿನಲ್ಲಿ ಜಾರಿದ ಪದ ಇಲ್ಲೂ ಅದೇ ಮೆಟ್ಟಿಲಲ್ಲಿ ಜಾರಿತ್ತು. ಹನ್ನೊಂದು ಗಂಟೆಯಲ್ಲಿ ರೂಮ್‌ಮೇಟನ್ನು ಎಬ್ಬಿಸಿ ಹೇಳಿದೆ. ಅವಳು ದುಪ್ಪಟಿ ಎಳೆದುಕೊಂಡು “ಇದನ್ನ ಬೆಳಗ್ಗೆ ಹೇಳ್ಬೋದಿತ್ತಲ್ವೇನೇ, ಈಗ ನಾನು ಬಾತ್‌ರೂಮಿಗೆ ಹೋಗೋದು ಹೆಂಗೆ” ಅಂದಳು.

ಪುಸ್ತಕ ಬಿಟ್ಟು ಊರೂರು ಓಡಾಡಿದ್ದೂ ಉಂಟು. ಮೊದಲು ಶ್ರವಣಬೆಳಗೊಳ. ಅಲ್ಲಿನ ಸಹಪಾಠಿಯೊಬ್ಬಳ ಮನೆಯಲ್ಲಿ ಊಟಕ್ಕೆ ಕೂತಾಗ ಅವಳ ತಾತ ವ್ಯಂತರ ದೇವತೆಗಳ ಎಂಟು ಬಗೆಯನ್ನು ಬೆರಳು ಮಡಿಸುತ್ತಾ ಹೇಳಿದರು: ಕಿನ್ನರ, ಕಿಂಪುರುಷ, ಮಹೋರಗ, ಗಂಧರ್ವ, ಯಕ್ಷ, ರಾಕ್ಷಸ, ಭೂತ, ಪಿಶಾಚ. ನಾನು ಅನ್ನ ಕಲೆಸೋದು ನಿಲ್ಲಿಸಿದೆ. ರಾಕ್ಷಸ, ಪಿಶಾಚರು ಜೈನರ ಲೆಕ್ಕದಲ್ಲಿ ದೇವಗತಿಯವರು, ಅಂದರೆ ದೇವರಾಗಿ ಹುಟ್ಟಿದವರು! ಅಸುರಕುಮಾರರೂ ಭವನವಾಸಿ ದೇವರ ಗುಂಪಿನಲ್ಲೇ ಇದ್ದಾರೆ. ಆಮೇಲೆ ಅವರು ಮಾತಿನ ಮಧ್ಯೆ ಹೇಳಿದ್ದು: ದೇವನಾದರೂ ಅಲ್ಲಿಂದಲೇ ಮೋಕ್ಷ ಇಲ್ಲಮ್ಮ, ಮನುಷ್ಯನಾಗಿ ಹುಟ್ಟಿಯೇ ಹೋಗಬೇಕು. ನನ್ನ ನೋಟ್‌ಬುಕ್ಕಿನ ನಡುಗೆರೆ ಅಲ್ಲಿಗೆ ಅಳಿಸಿಹೋಯಿತು.

ಶೆಟ್ಟಿಹಳ್ಳಿಗೆ ಹೋದದ್ದು ದಂಡ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು, ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿಗೆ ಸಿಕ್ಕಿ ಪಾಳುಬಿದ್ದಿದೆ. ಗೋಡೆಯ ಮೇಲೆ ಒಂದಾದರೂ ರೆಕ್ಕೆಯ ಆಕೃತಿ ಉಳಿದಿರಬಹುದು ಅಂತ ಆಟೋಗೆ ದುಡ್ಡು ಸುರಿದು ಹೋದೆ. ಕಮಾನುಗಳಿದ್ದವು, ಗಾಳಿಯಿತ್ತು, ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಎರಡು ಜೋಡಿಗಳಿದ್ದರು. ಆದರೆ ವಾಪಸ್ ಬರುವಾಗ ಆಟೋದಲ್ಲಿ ಜೊತೆಯಾದ ಕಥೋಲಿಕ ಅಜ್ಜಿಯೊಬ್ಬರು, ನಾನು ದೇವದೂತ ದೇವದೂತ ಅಂತ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಓ, ಸಮ್ಮನಸಾ?” ಅಂದರು. ಒಳ್ಳೆಯ ಮನಸ್ಸು. ತಮಿಳು ಕ್ರೈಸ್ತರೂ ಇದೇ ಪದ ಬಳಸುತ್ತಾರೆ. ಹುದ್ದೆಯ ಹೆಸರು ಇಲ್ಲಿಗೆ ಬಂದು ಸ್ವಭಾವದ ಹೆಸರಾಗಿತ್ತು. ಅಗಸ್ಟೀನ್ ಒಪ್ಪುತ್ತಿರಲಿಲ್ಲವೇನೋ, ನನಗಂತೂ ಆಟೋ ದುಡ್ಡು ವಸೂಲಾಯಿತು.

ಬೇಲೂರಿಗೆ ಹೋದದ್ದು ಪ್ರಬಂಧಕ್ಕಲ್ಲ, ಚಿಕ್ಕಮ್ಮನ ಮಗನಿಗೆ ಗುಡಿ ತೋರಿಸೋದಕ್ಕೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವ. ಹೈಸ್ಕೂಲಿನಿಂದ ಎಷ್ಟು ಸಲ ನೋಡಿದ್ದೇನೋ. ಒಳಗೆ ಮಬ್ಬು ಬೆಳಕು, ಗೈಡ್ ಒಬ್ಬ ಗರ್ಭಗುಡಿಯ ಬಾಗಿಲಿನ ಎರಡೂ ಪಕ್ಕಕ್ಕೆ ಟಾರ್ಚ್ ಬಿಟ್ಟು ಪ್ರವಾಸಿಗಳಿಗೆ ಹೇಳುತ್ತಿದ್ದ: “ಇವ್ರು ಜಯ, ವಿಜಯ. ಮುಂದೆ ಇವ್ರೇ ರಾವಣ, ಕುಂಭಕರ್ಣ ಆಗೋದು.” ಸಾವಿರ ಸಲ ಕೇಳಿದ ಮಾತು. ಹೊರಗೆ ಬಂದು ಗೋಡೆ ಸುತ್ತುವಾಗ ನರಸಿಂಹ ಹಿರಣ್ಯಕಶಿಪುವನ್ನು ತೊಡೆಯ ಮೇಲೆ ಕೆಡವಿಕೊಂಡು ಹೊಟ್ಟೆ ಸೀಳುವ ಶಿಲ್ಪದ ಮುಂದೆ ಆ ಹುಡುಗ ನಿಂತು, “ಅಕ್ಕಾ, ಇವ್ನೂ ಒಳಗಡೆ ಬಾಗ್ಲಲ್ಲಿ ಇದ್ದೋನೇನಾ?” ಅಂದ. ಹೌದಲ್ಲ! ಜಯ ವಿಜಯರ ಮೊದಲ ಜನ್ಮವೇ ಹಿರಣ್ಯಾಕ್ಷ, ಹಿರಣ್ಯಕಶಿಪು. ಒಬ್ಬನೇ ಆಸಾಮಿ. ಒಳಗೆ ಕೈಕಟ್ಟಿ ನಿಲ್ಲಬೇಕಾದ ಕಾವಲುಗಾರ, ಹೊರಗೆ ಕರುಳು ಕಿತ್ತಿಸಿಕೊಳ್ಳುವ ದೈತ್ಯ. ನಡುವೆ ಒಂದು ಗೋಡೆ. ನನ್ನ ಪಟ್ಟಿಯ ಎಡವೂ ಬಲವೂ ಅವನೇ.

ಮರುದಿನ ಮೇಡಂಗೆ ಹೊಸ ಹೆಸರು ಕೊಟ್ಟೆ: ‘ಜಯ ವಿಜಯರು ಮತ್ತು ಪತಿತ ದೇವದೂತ’. ಯಾವ ಯಾವ ಪಠ್ಯ ಅಂತ ಕೇಳಿದರು. ಭಾಗವತ ಮೂರನೇ ಸ್ಕಂಧದ 15, 16ನೇ ಅಧ್ಯಾಯ. ಬೈಬಲ್ಲಿನ ಯೆಶಾಯ 14. ಕುರಾನಿನ ಏಳನೇ ಅಧ್ಯಾಯದ ಇಬ್ಲೀಸನ, ಅಂದರೆ ಅಲ್ಲಿನ ಸೈತಾನನ, ಪ್ರಸಂಗ. 1667ರಲ್ಲಿ ಅಚ್ಚಾದ ಮಿಲ್ಟನ್ನನ ಮಹಾಕಾವ್ಯ ‘ಪ್ಯಾರಡೈಸ್ ಲಾಸ್ಟ್’ನ ಮೊದಲ ಭಾಗ. “ನಾಲ್ಕು ಕಾಲು. ಮಂಚಕ್ಕೆ ಅಷ್ಟು ಸಾಕು, ಐದನೇದು ಹುಡುಕಬೇಡ” ಅಂದರು. ನಾನು ಐದನೆಯದನ್ನೂ ಹುಡುಕಿದೆ, ಅದಕ್ಕೆ ಹದಿನೈದು ದಿನ ಹಾಳಾಯಿತು, ಆ ಮಾತು ಇಲ್ಲಿ ಬೇಡ.

ಪಠ್ಯವನ್ನೇ ಓದಬೇಕು ಅನ್ನೋ ಮಾತಿನ ಬೆಲೆ ಯೆಶಾಯ ಓದುವಾಗ ತಿಳಿಯಿತು. ಸ್ವರ್ಗದಿಂದ ಬಿದ್ದ ಲೂಸಿಫರನ ಕಥೆ ಅಲ್ಲಿದೆ ಅಂತ ಎಲ್ಲರೂ ಬರೆಯುತ್ತಾರೆ. ತೆರೆದು ನೋಡಿದರೆ ಅದು ಬಾಬೆಲಿನ ಅರಸನನ್ನು ಹಂಗಿಸುವ ಹಾಡು. ಆಕಾಶದಿಂದ ಬಿದ್ದೆಯಲ್ಲ ಉದಯನಕ್ಷತ್ರವೇ ಅಂತ ಅವನನ್ನು ಅಣಕಿಸಿದ್ದು. ಬೆಳ್ಳಿಚುಕ್ಕಿಗೆ ಲ್ಯಾಟಿನ್ನಿನಲ್ಲಿ ಲೂಸಿಫರ್ ಅನ್ನುತ್ತಾರೆ. ಓದಿದವರು ಅದನ್ನು ಸೈತಾನನ ಹೆಸರು ಮಾಡಿದ್ದು ಆಮೇಲೆ. ಇಬ್ಲೀಸನದು ಬೇರೆ. ಆದಮನಿಗೆ ತಲೆಬಾಗು ಅಂದರೆ, ನಾನು ಬೆಂಕಿಯಿಂದ ಆದವನು, ಅವನು ಮಣ್ಣಿನಿಂದ, ಬಾಗೋದಿಲ್ಲ ಅಂದ. ಹದಿನೆಂಟನೇ ಅಧ್ಯಾಯ ಅವನನ್ನು ಜಿನ್ನ್ ಅಂತಲೇ ಹೇಳುತ್ತದೆ, ಹಾಗಾಗಿ ‘ಪತಿತ ದೇವದೂತ’ ಅನ್ನೋ ನನ್ನ ಶೀರ್ಷಿಕೆಗೇ ಒಂದು ಅಡಿಟಿಪ್ಪಣಿ ಹಾಕಬೇಕಾಯಿತು.

ಇವರೆಲ್ಲ ಬಿದ್ದದ್ದು ಸೊಕ್ಕಿನಿಂದ. ಜಯ ವಿಜಯರು? ಸನಕಾದಿ ನಾಲ್ವರು ಋಷಿಗಳು, ಐದು ವರ್ಷದ ಬೆತ್ತಲೆ ಹುಡುಗರ ಹಾಗೆ ಕಾಣುವವರು, ವೈಕುಂಠದ ಆರು ಬಾಗಿಲು ದಾಟಿ ಏಳನೆಯದಕ್ಕೆ ಬಂದರು. ಇವರು ಬೆತ್ತ ಅಡ್ಡ ಹಿಡಿದರು. ಶಾಪ ಬಿತ್ತು. ಇಬ್ಲೀಸ್ ಹೇಳಿದ ಕೆಲಸ ಮಾಡದೆ ಕೆಟ್ಟ. ಇವರು ಕೆಲಸ ಮಾಡಿಯೇ ಕೆಟ್ಟರು. ಬಿದ್ದ ಸೈತಾನನಿಗೆ ಹಿಂದಿರುಗುವ ದಾರಿಯಿಲ್ಲ, ಇವರಿಗೆ ಮೂರು ಜನ್ಮ ಕಳೆದರೆ ಅದೇ ಬಾಗಿಲು. ಈ ಎರಡು ವ್ಯತ್ಯಾಸಗಳ ಮೇಲೆ ನಲವತ್ತು ಪುಟ ನಿಂತವು.

ತಪ್ಪುಗಳೂ ಆದವು. ಹಳೇಬೀಡಿನಲ್ಲೂ ಫೋಟೋ ತೆಗೆದಿದ್ದೆ, ಯಾವುದು ಎಲ್ಲಿಯದು ಅಂತ ಬರೆದಿಟ್ಟಿರಲಿಲ್ಲ. ಆಭರಣ ಹೇರಿಕೊಂಡ ಭಾರಿ ದ್ವಾರಪಾಲಕನೊಬ್ಬನ ಚಿತ್ರದ ಕೆಳಗೆ ‘ಜಯ’ ಅಂತ ಹಾಕಿಬಿಟ್ಟೆ. ಅದು ಹೊಯ್ಸಳೇಶ್ವರನ ಬಾಗಿಲು. ಮೇಡಂ ಕೆಂಪು ಪೆನ್ನಿನಲ್ಲಿ ಬರೆದದ್ದು ಇಷ್ಟೇ: “ವೈಕುಂಠದ ಕಾವಲುಗಾರನಿಗೆ ಶಿವನ ಮನೆಯಲ್ಲಿ ಏನು ಕೆಲಸ? ಡೆಪ್ಯುಟೇಶನ್ನಾ?” ಆಮೇಲೆ ಪ್ರತಿ ಫೋಟೋಗೂ ಮುಂಚೆ ಒಂದು ಚೀಟಿಯಲ್ಲಿ ಊರು, ಗುಡಿ, ದಿಕ್ಕು ಬರೆದು ಅದರದ್ದೇ ಒಂದು ಫೋಟೋ ತೆಗೆಯುವ ಅಭ್ಯಾಸ ಮಾಡಿಕೊಂಡೆ. ಈಗಲೂ ಹಾಗೇ. ಇನ್ನೊಂದು, ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಾಯಿಸುವಾಗ ಗಂಧರ್ವರೆಲ್ಲ ಅರ್ಕಾವತ್ತು ಕಳೆದುಕೊಂಡು ‘ಗಂಧವ’ರಾದರು. ಒಪ್ಪಿಸುವ ಹಿಂದಿನ ರಾತ್ರಿ ಡಿ.ಟಿ.ಪಿ. ಅಂಗಡಿಯ ಸ್ಟೂಲಿನ ಮೇಲೆ ಕೂತು ಒಬ್ಬೊಬ್ಬರನ್ನೇ ಸರಿಮಾಡಿದೆ.

ಇದರ ನಡುವೆ ಊರಿಗೆ ಹೋದಾಗ ಅಜ್ಜಿಗೆ ಆ ಅಧ್ಯಾಯ ಓದಿ ಹೇಳಿದ್ದೆ. ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಾ ಕೇಳಿಸಿಕೊಂಡವಳು, “ಬಾಗ್ಲು ಕಾಯೋರು ಬಾಗ್ಲಲ್ಲಿ ತಡ್ದವ್ರೆ. ಅದ್ರಲ್ಲಿ ತಪ್ಪೇನವ್ವ?” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಸನಕ್ಕೆ ಬಂದು 16ನೇ ಅಧ್ಯಾಯ ಮತ್ತೆ ಓದಿದೆ. ಅಲ್ಲಿ ವಿಷ್ಣು ತಾನೇ ಬಂದು ಋಷಿಗಳ ಮುಂದೆ ತಪ್ಪೊಪ್ಪಿಕೊಳ್ಳುತ್ತಾನೆ: ಆಳು ಮಾಡಿದ್ದಕ್ಕೆ ಕೆಟ್ಟ ಹೆಸರು ಬರುವುದು ಯಜಮಾನನಿಗೆ, ಹಾಗಾಗಿ ಇದು ನಾನೇ ಮಾಡಿದ ಅಪರಾಧ. ಆ ಮಾತನ್ನು ಪ್ರಬಂಧಕ್ಕೆ ಸೇರಿಸಿದೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪ್ರಾಧ್ಯಾಪಕರು ಕೇಳಿದ್ದೂ ಅಜ್ಜಿಯ ಪ್ರಶ್ನೆಯನ್ನೇ, ಕೇವಲ ಗ್ರಾಂಥಿಕವಾಗಿ. ಉತ್ತರ ಹೇಳಿದೆ, ತಲೆ ಆಡಿಸಿದರು, ಮುಗಿಯಿತು.

ಊರಿಗೆ ಹೋಗಿ ಅದೇ ಉತ್ತರವನ್ನು ಅಜ್ಜಿಗೂ ಹೇಳಿದೆ. ಅವಳು ಅಷ್ಟು ಸುಲಭಕ್ಕೆ ಬಿಡಲಿಲ್ಲ. “ತಪ್ಪು ನಂದೇ ಅಂತ ಬಾಯಲ್ಲಿ ಯಾರ್ ಬೇಕಾದ್ರೂ ಅಂತಾರೆ. ಅವ್ರು ಮೂರು ಜಲ್ಮ ಬಿದ್ದು ಒದ್ದಾಡವ್ರೆ. ಇವ್ನೇನ್ ಮಾಡ್ದ?”

ನಾನು ಬೆರಳು ಮಡಿಸಿದೆ. ಹಿರಣ್ಯಾಕ್ಷನಿಗೆ ವರಾಹ. ಹಿರಣ್ಯಕಶಿಪುವಿಗೆ ನರಸಿಂಹ. ರಾವಣ ಕುಂಭಕರ್ಣರಿಗೆ ರಾಮ. ಶಿಶುಪಾಲ ದಂತವಕ್ತ್ರರಿಗೆ ಕೃಷ್ಣ.

“ಅವ್ನೂ ಇಳ್ದು ಬಂದ ಕಣಜ್ಜಿ. ನಾಕ್ ಸಲ.”

“ಹಂಗಾದ್ರೆ ಸರಿ” ಅಂದು ಅಜ್ಜಿ ಮೊರ ಹತ್ತಿರಕ್ಕೆ ಎಳೆದುಕೊಂಡಳು. ಅಷ್ಟು ಹೊತ್ತಿಗೆ ನನ್ನ ಮೂರೂ ಪ್ರತಿಗಳಿಗೆ ರಟ್ಟು ಹಾಕಿಸಿ, ಬೆನ್ನಿಗೆ ಚಿನ್ನದ ಬಣ್ಣದ ಅಕ್ಷರ ಒತ್ತಿಸಿ, ಒಪ್ಪಿಸಿ ಆಗಿತ್ತು.