ಇಂಗ್ಲಿಷ್ ಲೀವ್ ಲೆಟರ್ ತಿದ್ದೋದು ಹೇಗೆ? ಮೊದಲು ವರ್ಬ್ ಹಿಡೀರಿ

ಮಕ್ಕಳು ಬರೆದ ಇಂಗ್ಲಿಷ್ ಕೈಗೆ ಬಂದ ತಕ್ಷಣ ಕೆಂಪು ಪೆನ್ ಹುಡುಕ್ಬೇಡಿ. ಮೊದಲು ಪೂರ್ತಿ ಓದಿ, ಏನು ಹೇಳೋಕೆ ಹೊರಟಿದಾರೆ ಅಂತ ಗೊತ್ತಾಗ್ಲಿ. ಉದಾಹರಣೆಗೆ ಇಂಥದೊಂದು ಲೀವ್ ಲೆಟರ್ ಇಟ್ಕೊಳ್ಳೋಣ:

‘ಐ ಆಮ್ ಹ್ಯಾವಿಂಗ್ ಫೀವರ್ ಸಿನ್ಸ್ ಟೂ ಡೇಸ್. ಯೆಸ್ಟರ್‌ಡೇ ಐ ಡಿಡ್ ನಾಟ್ ಕೇಮ್ ಟು ಸ್ಕೂಲ್. ಒನ್ ಆಫ್ ಮೈ ಫ್ರೆಂಡ್ ಟೋಲ್ಡ್ ದಟ್ ಟೆಸ್ಟ್ ಈಸ್ ದೇರ್ ಟುಮಾರೋ.’

ಅರ್ಥ ಆಗುತ್ತೆ, ಆದ್ರೂ ಮೂರೂ ವಾಕ್ಯದಲ್ಲಿ ತಪ್ಪಿದೆ.

1. ವರ್ಬ್ ಕೆಳಗೆ ಗೆರೆ ಎಳೀರಿ. ‘ಡಿಡ್ ನಾಟ್ ಕೇಮ್’ ನೋಡಿ, ಡಿಡ್ ಬಂದ್ಮೇಲೆ ಭೂತಕಾಲ ಅಲ್ಲೇ ಬಂದುಬಿಡ್ತು, ಮತ್ತೆ ಕಮ್ ಹೋಗಿ ಕೇಮ್ ಆಗೋ ಹಾಗಿಲ್ಲ. ಕನ್ನಡದಲ್ಲಿ ‘ಬಂದ’, ‘ಬರಲಿಲ್ಲ’ ಅಂತೀವಿ, ‘ಬಂದಲಿಲ್ಲ’ ಅಂತ ಯಾರೂ ಅನ್ನಲ್ಲ ಅಲ್ವಾ, ಇದನ್ನ ಹೇಳಿದ್ರೆ ಹುಡುಗರಿಗೆ ಗ್ರಾಮರ್ ಬುಕ್ಕಿನ ರೂಲ್‌ಗಿಂತ ಬೇಗ ತಲೆಗೆ ಹೋಗುತ್ತೆ. ಪ್ರಶ್ನೆಗೂ ಅಷ್ಟೇ: ‘ಡಿಡ್ ಯು ಗೋ’, ‘ವೆಂಟ್’ ಅಲ್ಲ.

ಆಮೇಲೆ ‘ಆಮ್ ಹ್ಯಾವಿಂಗ್’. ಊಟ ಮಾಡ್ತಾ ಇದ್ರೆ ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿನೇ, ಆದ್ರೆ ಜ್ವರ ಇರೋದಕ್ಕೆ, ಅಕ್ಕ ತಮ್ಮ ಇರೋದಕ್ಕೆ, ಮನೆ ಇರೋದಕ್ಕೆಲ್ಲಾ ಬರೀ ‘ಹ್ಯಾವ್’ ಸಾಕು. ನೋ (ಗೊತ್ತಿರೋದು), ವಾಂಟ್ (ಬೇಕು ಅನ್ನೋದು) ಇವಕ್ಕೂ ಸಾಮಾನ್ಯವಾಗಿ ಐಎನ್‌ಜಿ ಹಚ್ಚಬಾರದು.

2. ಸಿನ್ಸ್, ಫಾರ್ ನೋಡಿ. ನಮ್ಮವರು ಅತಿ ಹೆಚ್ಚು ಎಡವೋದು ಇಲ್ಲೇ ಅಂತ ನನ್ನ ಅನಿಸಿಕೆ. ‘ಸೋಮವಾರದಿಂದ’ ಅಂದ್ರೂ ‘ಎರಡು ದಿನದಿಂದ’ ಅಂದ್ರೂ ನಮಗೆ ಒಂದೇ ‘ಇಂದ’, ಇಂಗ್ಲಿಷಲ್ಲಿ ಅದು ಎರಡು ದಾರಿ. ಶುರುವಾದ ಹೊತ್ತು ಹೇಳೋಕೆ ಸಿನ್ಸ್ (ಸಿನ್ಸ್ ಮಂಡೇ, ಸಿನ್ಸ್ 2019), ಎಷ್ಟು ಕಾಲ ಅಂತ ಹೇಳೋಕೆ ಫಾರ್ (ಫಾರ್ ಟೂ ಡೇಸ್). ಜೊತೆಗೆ ಅವತ್ತು ಶುರುವಾಗಿ ಇನ್ನೂ ನಡೀತಿದ್ರೆ ವರ್ಬೂ ಬದಲಾಗ್ಬೇಕು. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್’ ಅಂತ ಬರೆದವರಿಗೆ ಸಿನ್ಸ್ ತೆಗೆದು ಫಾರ್ ಹಾಕಿಕೊಟ್ರೆ ಸಾಲದು, ‘ಐ ಹ್ಯಾವ್ ಬೀನ್ ವರ್ಕಿಂಗ್’ ಆಗ್ಬೇಕು. ಜ್ವರಕ್ಕೆ ಐಎನ್‌ಜಿ ಬೇಡ ಅಂದ್ವಲ್ಲ, ಅಲ್ಲಿ ‘ಐ ಹ್ಯಾವ್ ಹ್ಯಾಡ್’ ಆಗುತ್ತೆ.

3. ಉಳಿದ ಚಿಲ್ಲರೆ. ‘ಒನ್ ಆಫ್ ಮೈ’ ಆದ್ಮೇಲೆ ಫ್ರೆಂಡ್ಸ್, ಬಹುವಚನ. ಹೀಗೆ ‘ದಟ್’ ಜೊತೆ ಟೋಲ್ಡ್ ಬಂದ್ರೆ ಯಾರಿಗೆ ಅಂತ ಹೇಳ್ಲೇಬೇಕು, ‘ಟೋಲ್ಡ್ ಮಿ’. ಸೆಡ್‌ಗೆ ಆ ರಗಳೆ ಇಲ್ಲ. ಎ, ಆನ್ ಹಾಕುವಾಗ ಅಕ್ಷರ ನೋಡ್ಬೇಡಿ, ಕಿವಿಗೆ ಕೇಳೋ ಸದ್ದು ನೋಡಿ: ಆನ್ ಅವರ್, ಎ ಯೂನಿವರ್ಸಿಟಿ, ಆನ್ ಎಂಎಲ್‌ಎ.

4. ಸರಿ ಇರೋದನ್ನ ಮುಟ್ಬೇಡಿ. ಯೆಸ್ಟರ್‌ಡೇ ವಾಕ್ಯದ ಶುರುನಲ್ಲಿದ್ರೆ ಏನೂ ತಪ್ಪಿಲ್ಲ, ಆದ್ರೂ ಅದನ್ನ ಹೊಡೆದುಹಾಕಿ ಕೊನೆಗೆ ತಳ್ಳೋರು ಇದಾರೆ. ‘ಪ್ರೀಪೋನ್’ (ಗೊತ್ತುಮಾಡಿದ್ದಕ್ಕಿಂತ ಮೊದಲೇ ಇಟ್ಕೊಳ್ಳೋದು) ಅನ್ನೋ ಪದ ಕಂಡ್ರೆ ಕೆಲವರಿಗೆ ಮೈಯೆಲ್ಲಾ ಉರಿಯುತ್ತೆ, ಅದು ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೇ ಇದೆ ಸ್ವಾಮಿ.

5. ಉತ್ತರ ಬರೆದುಕೊಡ್ಬೇಡಿ. ತಪ್ಪಿನ ಕೆಳಗೆ ಗೆರೆ ಎಳೆದು ಪಕ್ಕದಲ್ಲಿ ವರ್ಬ್ ಆದ್ರೆ ‘ವಿ’, ಎ, ಆನ್ ಥರದ ಆರ್ಟಿಕಲ್ ಆದ್ರೆ ‘ಎ’ ಅಂತ ಗುರುತು ಹಾಕಿ, ಅವರೇ ತಿದ್ಲಿ. ಒಂದು ಸಲಕ್ಕೆ ಎರಡು ಥರದ ತಪ್ಪು ಸಾಕು, ಪೇಜ್ ಪೂರ್ತಿ ಕೆಂಪಾದ್ರೆ ಹುಡುಗ ಓದೋದೇ ಇಲ್ಲ, ನೋಟ್‌ಬುಕ್ ಮುಚ್ಚಿಟ್ಟು ಆಟಕ್ಕೆ ಓಡ್ತಾನೆ.

ಅವರ ಪ್ರಯತ್ನ ಎಲ್ಲಾ ಮುಗಿದ ಮೇಲೆ ಇದನ್ನ ತೋರಿಸಿ:

‘ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ಟೂ ಡೇಸ್. ಯೆಸ್ಟರ್‌ಡೇ ಐ ಡಿಡ್ ನಾಟ್ ಕಮ್ ಟು ಸ್ಕೂಲ್. ಒನ್ ಆಫ್ ಮೈ ಫ್ರೆಂಡ್ಸ್ ಟೋಲ್ಡ್ ಮಿ ದಟ್ ದೇರ್ ಈಸ್ ಎ ಟೆಸ್ಟ್ ಟುಮಾರೋ.’

ಮಾರನೇ ದಿನ ಲೆಟರ್ ಬದಿಗಿಟ್ಟು, ಈ ಮನೆಗೆ ಬಂದು ಎಷ್ಟು ವರ್ಷ ಆಯ್ತು, ಯಾವ ಇಸವಿಯಿಂದ ಇದೀವಿ ಅಂತ ಎರಡು ವಾಕ್ಯ ಹೊಸದಾಗಿ ಬರೆಸಿ, ಒಂದರಲ್ಲಿ ಫಾರ್ ಬರ್ಬೇಕು, ಇನ್ನೊಂದರಲ್ಲಿ ಸಿನ್ಸ್.