ಟವೆಲ್ ಹಾಕಿ ಸೀಟು ಹಿಡಿದೆ: ಗಾಯಾಳುಗಳನ್ನು ನಂಬಿ ಫ್ಯಾಂಟಸಿ ಬೇಸ್‌ಬಾಲ್ ಗೆದ್ದದ್ದು

ನಮ್ಮ ಲೀಗಿನಲ್ಲಿ ನನ್ನ ಟೀಮನ್ನು ಎಲ್ಲರೂ 'ಜನರಲ್ ವಾರ್ಡ್' ಅಂತ ಕರೆಯುತ್ತಾರೆ. ನಾನಿಟ್ಟ ಹೆಸರಲ್ಲ, ಉಳಿದ ಹನ್ನೊಂದು ಜನ ಸೇರಿ ಇಟ್ಟಿದ್ದು. ಪ್ರತಿ ಸೋಮವಾರ ಬೆಳಿಗ್ಗೆ ನಮ್ಮ ದಾವಣಗೆರೆಯ ಗೆಳೆಯ ಮೆಸೇಜ್ ಹಾಕುತ್ತಿದ್ದ: 'ಏನಪ್ಪಾ ಡಾಕ್ಟ್ರೇ, ರೌಂಡ್ಸ್ ಆಯ್ತಾ?' 2025ರ ಕಪ್ ಈ ವಾರ್ಡ್ ಗೆದ್ದಿದೆ. ಹಾಗಾಗಿ ಈಗ ಬರೆಯುವ ಧೈರ್ಯ ಬಂದಿದೆ.

ಆಡದವರಿಗೆ ಬೇಸಿಕ್ಸ್ ಎರಡೇ ಸಾಲು. ಅಮೆರಿಕದ ಬೇಸ್‌ಬಾಲ್ ಲೀಗಿನ ನಿಜವಾದ ಆಟಗಾರರನ್ನು ಡ್ರಾಫ್ಟಿನಲ್ಲಿ ಆರಿಸಿ ನಮ್ಮ ಕಾಗದದ ಟೀಮು ಕಟ್ಟುತ್ತೇವೆ, ಅವರು ಮೈದಾನದಲ್ಲಿ ಮಾಡಿದ್ದೇ ನಮ್ಮ ಸ್ಕೋರು; ಆಮೇಲೆ ಹೊಸಬನನ್ನು ಸೇರಿಸಿದರೆ ಆಡ್, ಇದ್ದವನನ್ನು ಬಿಟ್ಟರೆ ಡ್ರಾಪ್. ನಮ್ಮದು ನ್ಯೂಜೆರ್ಸಿಯ ಆಫೀಸ್ ಲೀಗ್. ಹನ್ನೆರಡು ಟೀಮು, ವಾರವಾರ ಒಬ್ಬನ ಎದುರು ಒಬ್ಬ (ಹೆಡ್ ಟು ಹೆಡ್), ಸ್ಟ್ರೈಕ್‌ಔಟ್, ಸೇವ್ ಥರದ ಹತ್ತು ಕೆಟಗರಿ, ಬೆಂಚಿನಲ್ಲಿ ಐದು (ಅಲ್ಲಿ ಕೂತವನ ಸ್ಕೋರು ಲೆಕ್ಕಕ್ಕಿಲ್ಲ), ಐಎಲ್ ಅಂದರೆ ಗಾಯಾಳುಗಳ ಪಟ್ಟಿಗೆ ಸೇರಿದವರಿಗೆ ಸ್ಲಾಟ್ ಮೂರು. ಎಂಟ್ರಿ 100 ಡಾಲರ್. ನಲವತ್ತು ಆಡ್ ದಾಟಿದರೆ ಒಂದೊಂದಕ್ಕೆ 2 ಡಾಲರ್ ದಂಡ, ಅದೂ ಡಬ್ಬಿಗೆ. ಗೆದ್ದವನಿಗೆ 700.

ಮೊದಲು ಸೋತ ಕಥೆ. 2024ರಲ್ಲಿ ನನ್ನ ಹತ್ತಿರ ಸ್ಟಾರ್ ಬ್ಯಾಟರ್ ಮೈಕ್ ಟ್ರೌಟ್ ಇದ್ದ. ಏಪ್ರಿಲ್ ಕೊನೆಗೆ ಮೊಣಕಾಲಿನ ಮೆನಿಸ್ಕಸ್ ಹರಿದುಕೊಂಡು ಐಎಲ್ ಸೇರಿದ. ಜುಲೈನಲ್ಲಿ 'ಓಡುತ್ತಿದ್ದಾನೆ, ಬ್ಯಾಟ್ ಹಿಡಿದಿದ್ದಾನೆ' ಅಂತ ಸುದ್ದಿ ಬಂತು. ನಾನು ಮದುವೆ ಮನೆಯವರ ಥರ ಮುಂಚೆಯೇ ಜಾಗ ಗುಡಿಸಿಟ್ಟೆ. ಅಂದರೆ ಓಕ್ಲೆಂಡಿನ ಲಾರೆನ್ಸ್ ಬಟ್ಲರ್‌ನನ್ನು ಡ್ರಾಪ್ ಮಾಡಿದೆ. ಟ್ರೌಟ್ ಸಾಲ್ಟ್ ಲೇಕ್‌ನಲ್ಲಿ ರಿಹ್ಯಾಬ್ ಮ್ಯಾಚ್ (ಗಾಯಾಳು ವಾಪಸಾಗುವ ಮುಂಚೆ ಕೆಳಹಂತದ ಲೀಗಿನಲ್ಲಿ ಆಡುವ ಟ್ರಯಲ್) ಆಡಲು ಇಳಿದ, ಎರಡು ಇನಿಂಗ್ಸ್ ಆಡಿ ಹೊರಗೆ ಬಂದ. ಅದೇ ಮೊಣಕಾಲಲ್ಲಿ ಮತ್ತೆ ಹರಿದಿತ್ತು, ಸೀಸನ್ ಅಲ್ಲಿಗೇ ಮುಗಿಯಿತು. ಬಟ್ಲರ್ ಆ ವರ್ಷ 22 ಹೋಂ ರನ್ (ನಮ್ಮ ಸಿಕ್ಸರ್ ಥರ) ಹೊಡೆದ, ಬಹುಪಾಲು ಜುಲೈನಿಂದ ಆಚೆಗೆ. ನಾನು ಹನ್ನೊಂದನೇ ಸ್ಥಾನ. ದಂಡವೂ ಸೇರಿ ಆ ವರ್ಷ 150 ಡಾಲರ್ ಆಸುಪಾಸು ಹೋಯಿತು. ಮನೆಯಲ್ಲಿ ನೂರು ಅಂತ ಹೇಳಿದ್ದೆ.

ಗಾಯಾಳು ಐಎಲ್ ಸ್ಲಾಟಿನಲ್ಲಿ ಮಲಗಿರುವಷ್ಟು ದಿನ ಬಾಡಿಗೆ ಇಲ್ಲ. ತೊಂದರೆ ಶುರುವಾಗುವುದೇ ಅವನು ಹುಷಾರಾದಾಗ. ಆಕ್ಟಿವೇಟ್ ಆದ, ಅಂದರೆ ಅವನ ಟೀಮು ಅವನನ್ನು ವಾಪಸ್ ಆಟಕ್ಕೆ ಸೇರಿಸಿಕೊಂಡ ಕ್ಷಣ ಆ್ಯಪ್ ನಿಮ್ಮ ರೋಸ್ಟರ್‌ಗೆ (ಆಟಗಾರರ ಪಟ್ಟಿಗೆ) ಬೀಗ ಹಾಕುತ್ತದೆ, ಯಾರನ್ನಾದರೂ ಬಿಡುವ ತನಕ ಒಂದು ಆಡ್ ಕೂಡ ಮಾಡಲು ಆಗಲ್ಲ. ಆಗ ಎಲ್ಲರೂ ಮಾಡುವುದು ಒಂದೇ, ರಾತ್ರಿ ಹನ್ನೊಂದಕ್ಕೆ ಗಾಬರಿಯಲ್ಲಿ ಯಾರನ್ನೋ ಡ್ರಾಪ್ ಮಾಡೋದು. ತುಂಬಾ ಮುಂಚೆ ಬಿಟ್ಟರೆ ಟ್ರೌಟ್ ಕಥೆ, ತಡವಾದರೆ ಈ ಗಾಬರಿ. ಊರಲ್ಲಿ ಕೆಂಪು ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದೆವಲ್ಲ, ಅದೇ ಕೆಲಸ ಇದು. ಬಸ್ಸು ಎಲ್ಲೋ ತಿರುವಿನಲ್ಲಿರುವಾಗ ಎಸೆದರೆ ಟವೆಲ್ ಹೋಯಿತು. ನಿಂತ ಮೇಲೆ ಎಸೆದರೆ ಸೀಟು ಹೋಯಿತು.

2025ರ ಡ್ರಾಫ್ಟಿನಲ್ಲಿ ಬೇಕೆಂದೇ ಮೂರು ಗಾಯಾಳುಗಳನ್ನು ತೆಗೆದುಕೊಂಡೆ: ಬ್ಯಾಟರ್ ರೊನಾಲ್ಡ್ ಅಕುನ್ಯಾ, ಪಿಚರ್‌ಗಳಾದ (ಚೆಂಡು ಎಸೆಯುವವರು) ಸ್ಪೆನ್ಸರ್ ಸ್ಟ್ರೈಡರ್, ಶೇನ್ ಮೆಕ್‌ಕ್ಲಾನಹನ್. ಮೂವರೂ ಪೂರ್ತಿ ಹುಷಾರಿದ್ದರೆ ಸಿಗುವ ಬೆಲೆಯೇ ಅಲ್ಲ. ಕಾನ್ಫರೆನ್ಸ್ ರೂಮಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು.

ನಗುವುದಕ್ಕೆ ಕಾರಣವೂ ಸಿಕ್ಕಿತು. ಏಪ್ರಿಲ್ 16ಕ್ಕೆ ಸ್ಟ್ರೈಡರ್ ವಾಪಸ್ ಬಂದ, ಟೊರಾಂಟೊ ಎದುರು ಐದು ಇನಿಂಗ್ಸ್ ಎಸೆದ. ಅವನಿಗೆ ಜಾಗ ಮಾಡಲು ನಾನು ಮಿಲ್ವಾಕೀ ಕ್ಲೋಸರ್ (ಕೊನೆಯಲ್ಲಿ ಬಂದು ಗೆಲುವು ಉಳಿಸುವ ಪಿಚರ್, ಉಳಿಸಿದರೆ ಒಂದು ಸೇವ್) ಟ್ರೆವರ್ ಮೆಗಿಲ್‌ನನ್ನು ಬಿಟ್ಟಿದ್ದೆ, ಆ ಹೊತ್ತಿಗೆ ಬ್ಯಾಟರ್‌ಗಳು ಅವನನ್ನು ಚಚ್ಚುತ್ತಿದ್ದರು. ಐದೇ ದಿನಕ್ಕೆ ಸ್ಟ್ರೈಡರ್ ಸುಮ್ನೆ ಕ್ಯಾಚ್ ಆಡುವಾಗ ಹ್ಯಾಮ್‌ಸ್ಟ್ರಿಂಗ್ ಎಳೆದುಕೊಂಡು ಮತ್ತೆ ಐಎಲ್. ಮೆಗಿಲ್ ಅಷ್ಟರಲ್ಲಿ ಬೇರೆಯವರ ಪಾಲಾಗಿದ್ದ, ವರ್ಷದ ಕೊನೆಗೆ ಅವನ ಲೆಕ್ಕ 30 ಸೇವ್. ಸೇವ್ ಕೆಟಗರಿ ನಾನು ಇಡೀ ವರ್ಷ ಸೋತಿದ್ದು ಈ ಒಂದು ಡ್ರಾಪ್‌ನಿಂದ. ಆವತ್ತಿನಿಂದ ಒಂದು ಶಿಸ್ತು ಹಾಕಿಕೊಂಡೆ. ಬೆಂಚಿನ ಐದನೇ ಸೀಟು ಯಾವಾಗಲೂ ಹೋದರೂ ಅಳು ಬಾರದವನಿಗೆ. ಅಲ್ಲಿ ಒಳ್ಳೆಯವನನ್ನು ಕೂರಿಸಲೇಬಾರದು. ಕೂರಿಸಿದರೆ ಮನಸ್ಸು ಅಂಟಿಕೊಳ್ಳುತ್ತದೆ.

ಇನ್ನೊಂದು, ಟೀಮಿನವರು ಹೇಳುವ ತಾರೀಖು ನೋಡುವುದನ್ನು ಬಿಟ್ಟೆ. 'ಮೇ ಮಧ್ಯಕ್ಕೆ ಬರಬಹುದು' ಅನ್ನುವುದು ಬಟ್ಟೆ ಹೊಲಿಯುವ ಟೈಲರ್ ಹೇಳುವ ಗುರುವಾರದ ಹಾಗೆ. ನಾನು ಎಣಿಸಿದ್ದು ಮೆಟ್ಟಿಲು. ಪಿಚರ್ ಆದರೆ ರಿಹ್ಯಾಬ್ ಮ್ಯಾಚಿನಲ್ಲಿ ಎಷ್ಟು ಪಿಚ್ ಎಸೆದ: ಮೂವತ್ತು, ನಲವತ್ತೈದು, ಅರವತ್ತು, ಎಪ್ಪತ್ತೈದು, ಹೀಗೆ ಐದಾರು ದಿನಕ್ಕೊಂದು ಮೆಟ್ಟಿಲು. ಅರವತ್ತು ದಾಟಿ, ಮುಂದಿನ ಸಲವೂ ಹೇಳಿದ ದಿನಕ್ಕೇ ಇಳಿದರೆ ಆಗ ಟವೆಲ್. ಬ್ಯಾಟರ್ ಆದರೆ ಎಷ್ಟು ಹಿಟ್ ಹೊಡೆದ ಅನ್ನುವುದು ಕಸ. ಫೀಲ್ಡಿನಲ್ಲಿ ಪೂರ್ತಿ ಒಂಬತ್ತು ಇನಿಂಗ್ಸ್ ನಿಂತನಾ, ಮರುದಿನವೂ ನಿಂತನಾ, ಇಷ್ಟೇ ನೋಡಿ. ನಿಯಮದ ಪ್ರಕಾರ ರಿಹ್ಯಾಬ್ ಗಡುವು ಬ್ಯಾಟರ್‌ಗೆ 20 ದಿನ, ಪಿಚರ್‌ಗೆ 30. ಹಾಗಾಗಿ ಮೊದಲ ಮ್ಯಾಚ್ ಆಡಿದ ದಿನವೇ ಕ್ಯಾಲೆಂಡರಿನಲ್ಲಿ ಕೊನೆಯ ದಿನ ಗುರುತು ಹಾಕಿಕೊಳ್ಳಬಹುದು. ಗಡುವು ಮುಗಿಯುವ ಮೊದಲೇ ರಿಹ್ಯಾಬ್ ನಿಲ್ಲಿಸಿ ಮನೆಗೆ ಕಳಿಸಿದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ನಮ್ಮ ಕ್ರಿಕೆಟ್‌ನಲ್ಲೂ ಬೆಂಗಳೂರಿನ ಎನ್‌ಸಿಎಯಲ್ಲಿ (ಕ್ರಿಕೆಟ್ ಅಕಾಡೆಮಿ, ಈಗ ಸೆಂಟರ್ ಆಫ್ ಎಕ್ಸಲೆನ್ಸ್) ಫಿಟ್ ಅಂದಮೇಲೆ ರಣಜಿ ಪಂದ್ಯ ಆಡಿಸಿ ನೋಡುತ್ತಾರಲ್ಲ, ಆ ನಾಲ್ಕು ದಿನ ಮೈದಾನದಲ್ಲಿ ನಿಂತರೆ ಮಾತ್ರ ನಂಬಿಕೆ. ಹಾಗೇ ಇದೂ.

ಮೇ ಮೂರನೇ ವಾರ ಅಕುನ್ಯಾ ಎಲ್ಲ ಮೆಟ್ಟಿಲು ಹತ್ತಿದ್ದ. ಬುಧವಾರ ಐದನೇ ಸೀಟಿನವನನ್ನು ಬಿಟ್ಟೆ. ಶುಕ್ರವಾರ, 23ನೇ ತಾರೀಖು, ಲೈನಪ್ ಬಂತು, ಮೊದಲ ಬ್ಯಾಟರ್ (ಲೀಡ್‌ಆಫ್) ಅಕುನ್ಯಾ. ಮೊಣಕಾಲಿನ ಎಸಿಎಲ್ ಹರಿದು ಹೆಚ್ಚುಕಡಿಮೆ ಒಂದು ವರ್ಷ. ನಾನು ತಟ್ಟೆಯಲ್ಲಿ ಚಪಾತಿ ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ನಿಕ್ ಪಿವೆಟಾ ಎಸೆದ ಮೊದಲನೇ ಪಿಚ್. ಮೊದಲನೇ ಪಿಚ್ ಸ್ವಾಮಿ! ಹೋಂ ರನ್, ಎಡ ಫೀಲ್ಡಿನ ಆಚೆಗೆ, 467 ಅಡಿ. ನಾನು ಕೂಗಿದ್ದಕ್ಕೆ ಹೆಂಡತಿ ಒಳಗಿಂದ ಓಡಿ ಬಂದಳು, ಊರಿಂದ ಏನಾದರೂ ಫೋನ್ ಬಂತಾ ಅಂತ. ಆ ಮ್ಯಾಚ್ ಯಾರು ಗೆದ್ದರು ಅಂತ ಆಮೇಲೆ ನೋಡಲೇ ಇಲ್ಲ. ದಾವಣಗೆರೆಯವನಿಂದ ಆ ಸೋಮವಾರ ಮೆಸೇಜೂ ಇಲ್ಲ.

ನಡುವೆ ಒಂದು ಅಡ್ಡ ಪ್ರಯೋಗ. ಜೂನ್‌ನಲ್ಲಿ ಜಿಯಾನ್ಕಾರ್ಲೊ ಸ್ಟ್ಯಾಂಟನ್ ನಮ್ಮ ಬ್ರಿಜ್‌ವಾಟರಿನ ಸಾಮರ್ಸೆಟ್ ಪೇಟ್ರಿಯಟ್ಸ್‌ಗೆ ರಿಹ್ಯಾಬ್ ಆಡಲು ಬಂದ, ಎರಡೂ ಮೊಣಕೈ ನೋವಿನ ಕೇಸು. ಮನೆಯಿಂದ ಅರ್ಧ ಗಂಟೆ ದಾರಿ. ಮಗನನ್ನು ಕರೆದುಕೊಂಡು ಹೋದೆ, ಟಿಕೆಟ್ಟು, ಪಾರ್ಕಿಂಗು, ಅವನ ಐಸ್‌ಕ್ರೀಮು ಎಲ್ಲ ಸೇರಿ ಐವತ್ತು ಡಾಲರ್ ಚಿಲ್ಲರೆ. ಚೆಂಡು ಎಲ್ಲಿಗೆ ಹೋಯಿತು ಅಂತ ನಾನು ನೋಡಲಿಲ್ಲ. ಸ್ವಿಂಗ್ ಆದ ಮೇಲೆ ಮೊಣಕೈ ಮುಟ್ಟಿಕೊಳ್ಳುತ್ತಾನಾ, ಕೈ ಕೊಡವುತ್ತಾನಾ ಅಂತ ಬೆರಳು ಮಡಚಿ ಎಣಿಸುತ್ತಾ ಕೂತಿದ್ದೆ. ಒಂದು ಸಲವೂ ಮುಟ್ಟಲಿಲ್ಲ. ಲೀಗಿನಲ್ಲಿ ಯಾರ ಬಳಿಯೂ ಇಲ್ಲದ ಅವನಿಗೆ ಆವತ್ತು ರಾತ್ರಿಯೇ 3 ಡಾಲರ್ ಬಿಡ್ ಹಾಕಿ ತೆಗೆದುಕೊಂಡೆ. 16ಕ್ಕೆ ಆಕ್ಟಿವೇಟ್ ಆದ. ಆದರೆ ಒಂದು ಎಡವಟ್ಟು, ಅವನು ಬರೀ ಡಿಎಚ್ (ಫೀಲ್ಡಿಗೆ ಇಳಿಯದೆ ಬ್ಯಾಟ್ ಮಾತ್ರ ಬೀಸುವವನು), ಯಾವ ಬ್ಯಾಟರನ್ನಾದರೂ ಕೂರಿಸಬಹುದಾದ ನನ್ನ ಯುಟಿಲಿಟಿ ಸೀಟು ಪೂರ್ತಿ ತಿಂದುಬಿಟ್ಟ. ಆಗಸ್ಟ್‌ನಲ್ಲಿ ಅದೇ ಯಾಂಕೀಸ್ ಟೀಮಿನ ಆರನ್ ಜಡ್ಜ್ ಮೊಣಕೈ ಗಾಯದಿಂದ ವಾಪಸ್ ಬಂದಾಗ ಎಸೆಯಲು ಆಗದೆ ಅವನೂ ಡಿಎಚ್, ಹಾಗಾಗಿ ನಮ್ಮ ಸ್ಟ್ಯಾಂಟನ್ ಕೆಲವು ದಿನ ಬೆಂಚು ಕಾಯ್ದ. ಒಬ್ಬ ಹುಷಾರಾದರೆ ಇನ್ನೊಬ್ಬನ ಅನ್ನ ಹೋಗುತ್ತದೆ ಅನ್ನುವುದು ನನ್ನ ಎಕ್ಸೆಲ್‌ನಲ್ಲಿ ಇರಲೇ ಇಲ್ಲ. ಆಮೇಲೆ ಯಾಂಕೀಸ್ ಸ್ಟ್ಯಾಂಟನ್‌ನನ್ನೇ ಔಟ್‌ಫೀಲ್ಡಿಗೆ ಇಳಿಸಿದರು, ನನಗೆ ಎರಡು ಸೀಟಿನ ಆಟಗಾರ ಬಿಟ್ಟಿ ಸಿಕ್ಕ ಹಾಗಾಯಿತು. ಇದನ್ನು ಪ್ಲ್ಯಾನ್ ಮಾಡಿದ್ದೆ ಅಂತ ಲೀಗಿನಲ್ಲಿ ಹೇಳಿಕೊಂಡಿದ್ದೇನೆ. ಇಲ್ಲಿ ನಿಜ ಹೇಳುತ್ತಿದ್ದೇನೆ.

ಈಗ ಅಸಲಿ ವ್ಯಾಪಾರ. ಸ್ಟ್ರೈಡರ್ ಮೇ 20ಕ್ಕೆ ಎರಡನೇ ಸಲ ಬಂದ. ಹಳೇ ವೇಗ ಇಲ್ಲ, ಬ್ಯಾಟರ್‌ಗಳು ಚಚ್ಚುತ್ತಿದ್ದರು. ಜೂನ್ ಮಧ್ಯದಲ್ಲಿ ಕೊಲರಾಡೊ ಎದುರು 13 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ತೆಗೆದ, ಎಲ್ಲರೂ 'ಬಂದ ನೋಡಪ್ಪಾ' ಅಂದರು. ನಾಲ್ಕೇ ದಿನಕ್ಕೆ, 18ಕ್ಕೆ, ಲೀಗಿನಲ್ಲಿ ಇನ್ನೊಬ್ಬನ ಬಳಿ ಇದ್ದ ಪಿಚರ್ ಕ್ರಿಸ್ ಸೇಲ್ ಮೆಟ್ಸ್ ಎದುರು ಒಂಬತ್ತನೇ ಇನಿಂಗ್ಸಿನಲ್ಲಿ ಚೆಂಡಿಗೆ ಡೈವ್ ಹೊಡೆದು ಪಕ್ಕೆಲುಬು ಮುರಿದುಕೊಂಡ. ಸೇಲ್ ಇದ್ದವನ ಮೂರು ಐಎಲ್ ಸ್ಲಾಟೂ ತುಂಬಿತ್ತು. ಭಾನುವಾರ ರಾತ್ರಿ ಒಂಬತ್ತರ ತನಕ ಕಾದೆ, ವಾರದ ಸ್ಕೋರು ನೋಡಿ ಅವನ ಹೊಟ್ಟೆ ಉರಿಯುತ್ತಿರುವ ಹೊತ್ತು. ಸ್ಟ್ರೈಡರ್ ಕೊಡುತ್ತೇನೆ, ಸೇಲ್ ಜತೆಗೆ ಸೆಕೆಂಡ್ ಬೇಸ್‌ನಲ್ಲಿ ಆಡುವ ಒಬ್ಬನನ್ನು ಕೊಡು ಅಂದೆ. ಹತ್ತು ನಿಮಿಷಕ್ಕೆ ಒಪ್ಪಿಕೊಂಡ. ಹುಷಾರಿದ್ದವನನ್ನು ಕೊಟ್ಟು ಗಾಯಾಳು ತಗೊಂಡನಲ್ಲ ಅಂತ ಗ್ರೂಪಿನಲ್ಲಿ ಎರಡು ದಿನ ಹಬ್ಬ. ಸ್ಟ್ರೈಡರ್ ಆ ವರ್ಷ ಮುಗಿಸಿದ್ದು 7 ಗೆಲುವು, 14 ಸೋಲಿಗೆ. ಸೇಲ್ ಆಗಸ್ಟ್ 30ಕ್ಕೆ ಬಂದ, ನಮ್ಮ ಪ್ಲೇಆಫ್ ಹೊಸ್ತಿಲಲ್ಲಿ.

ಸೇಲ್‌ಗೆ ಯಾಕೆ ಧೈರ್ಯ ಮಾಡಿದೆ ಅಂದರೆ ಅದು ಮೂಳೆ. ಎರಡು ವರ್ಷ ಎಕ್ಸೆಲ್‌ನಲ್ಲಿ ನೂರಿಪ್ಪತ್ತೋ ನೂರಮೂವತ್ತೋ ಗಾಯಗಳನ್ನು ಬರೆದಿಟ್ಟಿದ್ದೆ, ಹೇಳಿದ ದಿನ ಎಷ್ಟು, ನಿಜವಾಗಿ ಬಂದ ದಿನ ಎಷ್ಟು. ನನ್ನ ಲೆಕ್ಕದಲ್ಲಿ ಮೂಳೆ ಕ್ಯಾಲೆಂಡರ್ ಕೇಳುತ್ತದೆ. ಸ್ನಾಯು ಸುಳ್ಳು ಹೇಳುತ್ತದೆ, ಅದರಲ್ಲೂ ಪಕ್ಕೆಯ ಆಬ್ಲೀಕ್. ನರದ ತೊಂದರೆ ಅಂದರೆ ದೂರದಿಂದಲೇ ನಮಸ್ಕಾರ. ಈ ಬುದ್ಧಿ ಬರುವ ಮುಂಚೆಯೇ ಮೆಕ್‌ಕ್ಲಾನಹನ್‌ನನ್ನು ತಗೊಂಡಿದ್ದೆನಲ್ಲ. ಅವನ ಟಾಮಿ ಜಾನ್ (ಮೊಣಕೈ ಲಿಗಮೆಂಟ್) ಆಪರೇಷನ್ 2023ರಲ್ಲೇ ಆಗಿತ್ತು, ಕೈ ಸರಿಯಾಗಿತ್ತು, ಮಾರ್ಚ್‌ನಲ್ಲಿ ಟ್ರೈಸೆಪ್ಸ್ ನರ ಕೈಕೊಟ್ಟಿತು. ನಾಲ್ಕು ತಿಂಗಳು ಸ್ಲಾಟ್ ಹಿಡಿದು ಕೂತಿದ್ದೆ. ಒಂದು ಬಾಲ್ ಎಸೆಯಲಿಲ್ಲ ನನಗೆ.

ಅವನ ಜಾಗಕ್ಕೇ ಜುಲೈ ಕೊನೆಗೆ ಗಾಯಾಳು ಪಿಚರ್ ಶೇನ್ ಬೀಬರ್ ಬಂದ, 7 ಡಾಲರ್ ಬಿಡ್. 60 ದಿನದ ಐಎಲ್ ಅಂದ ತಕ್ಷಣ ಜನ ಹೆದರಿ ಬಿಟ್ಟುಬಿಡುತ್ತಾರೆ. ಆ ಅರವತ್ತು ಎಣಿಸೋದು ಮೊದಲು ಐಎಲ್‌ಗೆ ಹಾಕಿದ ದಿನದಿಂದ, ಹೊಸದಾಗಿ ಅಲ್ಲ, ಅವನ ನಿಜವಾದ ಟೀಮಿಗೆ ತನ್ನ 40 ಆಟಗಾರರ ಪಟ್ಟಿಯಲ್ಲಿ ಒಂದು ಖಾಲಿ ಸೀಟು ಬೇಕಿತ್ತು ಅಷ್ಟೆ. ತಗೊಂಡ ಕೆಲವೇ ದಿನಕ್ಕೆ, 31ಕ್ಕೆ, ಕ್ಲೀವ್‌ಲ್ಯಾಂಡ್ ಅವನನ್ನು ಟೊರಾಂಟೊಗೆ ಟ್ರೇಡ್ ಮಾಡಿತು. ಮೆಡಿಕಲ್ ಕಾಗದ ನೋಡಿಯೂ ಒಬ್ಬರು ದುಡ್ಡು ಹಾಕಿದ್ದಾರೆ ಅಂದರೆ ನನ್ನ ಏಳು ಡಾಲರ್ ಸುರಕ್ಷಿತ ಅಂದುಕೊಂಡೆ. ಆದರೆ ನನ್ನದೇ ನಿಯಮ ಒಂದಿತ್ತು, ವಾಪಸ್ ಬಂದ ಪಿಚರ್‌ನ ಮೊದಲ ಮ್ಯಾಚ್ ಬೆಂಚಿನಿಂದ ನೋಡಬೇಕು. ಆಗಸ್ಟ್ 22, ಮಯಾಮಿಯಲ್ಲಿ ಬೀಬರ್ ಆರು ಇನಿಂಗ್ಸ್, ಒಂಬತ್ತು ಸ್ಟ್ರೈಕ್‌ಔಟ್. ನನ್ನ ಬೆಂಚಿನ ಮೇಲೆ. ಆ ವಾರ ಸ್ಟ್ರೈಕ್‌ಔಟ್ ಕೆಟಗರಿಯನ್ನು ಐದೋ ಆರೋ ಅಂತರದಲ್ಲಿ ಸೋತೆ. ನಿಯಮ ಈಗಲೂ ಸರಿ ಅಂತಲೇ ನನ್ನ ವಾದ, ಆದರೆ ಮಯಾಮಿ ಎದುರು ಒಂದು ವಿನಾಯಿತಿ ಇರಬಹುದಿತ್ತು.

ಆಕ್ಟಿವೇಶನ್ ಸುದ್ದಿ ಆ್ಯಪಿಗೆ ಬರುವುದಕ್ಕೆ ಅರ್ಧ ದಿನ ಮುಂಚೆ ನನಗೆ ಹೇಗೆ ಗೊತ್ತಾಗುತ್ತೆ ಅಂತ ಮೂರು ಜನ ಕೇಳಿದ್ದಾರೆ. ಟ್ರಿಪಲ್-ಎ (ಮುಖ್ಯ ಲೀಗಿಗಿಂತ ಒಂದು ಮೆಟ್ಟಿಲು ಕೆಳಗಿನ) ಟೀಮಿನ ಒಂದು ಪುಟವನ್ನು ಒಂದು ಹೊತ್ತಿನಲ್ಲಿ ನೋಡಬೇಕು, ಯಾರಿದ್ದಾರೆ ಅಂತಲ್ಲ, ಯಾರಿಲ್ಲ ಅಂತ. ಇಷ್ಟು ಸಾಕು, ಮುಂದಿನ ಮಾರ್ಚ್‌ನಲ್ಲಿ ಇದೇ ಜನರ ಜತೆ ಆಡಬೇಕಲ್ವಾ.

ಸೆಮಿಫೈನಲ್ ನನಗೂ ದಾವಣಗೆರೆಯವನಿಗೂ. ಅವನ ಹತ್ತಿರ ಬ್ಯಾಟರ್ ಯೋರ್ಡಾನ್ ಆಲ್ವರೆಜ್. ಕೈ ಗಾಯ, ಮೊದಲು ಸ್ನಾಯು ಅಂದರು, ಆಮೇಲೆ ಮೂಳೆ ಮುರಿದಿದೆ ಅಂದರು, ಮೇ ಶುರುವಿನಿಂದ ಆಗಸ್ಟ್ 26ರ ತನಕ ಹೊರಗೆ. ಬಂದಮೇಲೆ ಚಚ್ಚುತ್ತಿದ್ದ. ನಾನು ಒಳಗೊಳಗೇ ಹೆದರಿದ್ದೆ. ಸೆಪ್ಟೆಂಬರ್ 15, ಸೋಮವಾರ, ವಾರದ ಮೊದಲ ದಿನವೇ ಹೋಂ ಪ್ಲೇಟ್ ತುಳಿಯುವಾಗ ಕಾಲು ಉಳುಕಿ ಕೂತುಬಿಟ್ಟ. ಅದರಲ್ಲಿ ನನ್ನ ಸಾಮರ್ಥ್ಯ ಏನೂ ಇಲ್ಲ. 'ರೌಂಡ್ಸ್ ಆಯ್ತಾ ಡಾಕ್ಟ್ರೇ?' ಅಂತ ಈ ಸಲ ನಾನು ಮೆಸೇಜ್ ಹಾಕಿದೆ. ಉತ್ತರ ಬರೆಯುವ ಭಾಷೆಯಲ್ಲಿ ಬರಲಿಲ್ಲ.

ಫೈನಲ್ 6-4. 700 ಡಾಲರ್ ಬಂತು. ಮೂರು ವರ್ಷದ ಎಂಟ್ರಿ, ದಂಡ, ಮೈನರ್ ಲೀಗ್ ವಿಡಿಯೋ ಚಂದಾ, ಬ್ರಿಜ್‌ವಾಟರ್ ಐಸ್‌ಕ್ರೀಮ್ ಎಲ್ಲ ಕಳೆದರೆ ಇನ್ನೂರು ಚಿಲ್ಲರೆ ಉಳಿದಿರಬೇಕು. ಅಕ್ಟೋಬರ್‌ನಲ್ಲಿ ಲೀಗಿನವರು ಸಭೆ ಕರೆದು ಮತ ಹಾಕಿದರು, 2026ಕ್ಕೆ ಐಎಲ್ ಸ್ಲಾಟ್ ಮೂರರಿಂದ ಎರಡಕ್ಕೆ ಇಳಿಸಬೇಕು ಅಂತ. ಹನ್ನೊಂದಕ್ಕೆ ಒಂದು. ದಾವಣಗೆರೆಯವನು ಎರಡೂ ಕೈ ಎತ್ತಿದ್ದ.