ಡಿಎನ್‌ಎ ಪಂಜರ ಕಟ್ಟಿ ಮಿದುಳಿನ ಗಡ್ಡೆಗೆ ಔಷಧ ಕಳಿಸುವುದು: ಲ್ಯಾಬಿಗೆ ಹೊಸಬರಿಗೆ

ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರ್ ಗಡ್ಡೆಯ ಮೇಲೆ ಕೆಲಸ ಶುರುಮಾಡುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಡಿಎನ್‌ಎ ಎಳೆ ಮಡಚಿ ಆಕಾರ ಮಾಡುವ ಒರಿಗಾಮಿ ಆಮೇಲೆ ಇರಲಿ. 2006ರಲ್ಲಿ ಪಾಲ್ ರಾಥ್‌ಮಂಡ್ ತೋರಿಸಿಕೊಟ್ಟ ಆ ವಿಧಾನದಲ್ಲಿ ಉದ್ದದ ವೈರಸ್ ಎಳೆಯೊಂದನ್ನು 200ಕ್ಕೂ ಹೆಚ್ಚು ಪುಟ್ಟ ಎಳೆಗಳಿಂದ ಮಡಚಬೇಕು. ನಾಲ್ಕು ತ್ರಿಕೋನ ಮುಖಗಳ ಪಂಜರ, ಅಂದರೆ ಟೆಟ್ರಾಹೆಡ್ರನ್‌ಗೆ ನಾಲ್ಕೇ ಡಿಎನ್‌ಎ ಎಳೆ ಸಾಕು.

ನಾಲ್ಕೂ ಎಳೆಗಳು ಸಮ ಪ್ರಮಾಣದಲ್ಲಿರಬೇಕು. ಟ್ಯೂಬಿನ ಲೇಬಲ್ ನಂಬಿ ಬೆರೆಸಬೇಡಿ, ಡಿಎನ್‌ಎ ಹೀರುವ 260 ನ್ಯಾನೊಮೀಟರ್ ಬೆಳಕಿನಲ್ಲಿ ನೀವೇ ಅಳೆಯಿರಿ. ಮೆಗ್ನೀಸಿಯಂ ಇರುವ ಬಫರ್‌ನಲ್ಲಿ 95 ಡಿಗ್ರಿಗೆ 10 ನಿಮಿಷ ಕಾಯಿಸಿ, ತಕ್ಷಣ 4 ಡಿಗ್ರಿಗೆ ಇಳಿಸಿ. ಎಳೆಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ ಓಡಿಸುವಾಗ ಪಕ್ಕದ ಸಾಲಿನಲ್ಲಿ ಮೂರೇ ಎಳೆ ಬೆರೆಸಿದ್ದನ್ನೂ ಹಾಕಿ. ಪಂಜರದ ಪಟ್ಟಿ ಅದಕ್ಕಿಂತ ಹಿಂದೆ ನಿಂತು, ಚೂಪಾಗಿ ಕಂಡರೆ ಮುಂದಕ್ಕೆ ಹೋಗಬಹುದು.

ಪಂಜರಕ್ಕೆ ಗಡ್ಡೆಯ ದಾರಿ ತೋರಿಸಲು ಆಂಜಿಯೊಪೆಪ್-2 ಎಂಬ ಪೆಪ್ಟೈಡ್ (ಪುಟ್ಟ ಪ್ರೋಟೀನ್ ತುಣುಕು) ಒಳ್ಳೆಯ ಆಯ್ಕೆ. ಅದು ಹಿಡಿಯುವ ಎಲ್‌ಆರ್‌ಪಿ1 ಗ್ರಾಹಕ, ರಕ್ತದಿಂದ ಮಿದುಳಿಗೆ ಏನೇನು ದಾಟಬೇಕೆಂದು ತಡೆಯುವ ರಕ್ತ-ಮಿದುಳು ತಡೆಯ ಕೋಶಗಳಲ್ಲೂ ಇದೆ, ಗ್ಲಿಯೋಮಾ (ಗ್ಲಿಯೋಬ್ಲಾಸ್ಟೋಮಾ ಸೇರಿದ ಗಡ್ಡೆಗಳ ಗುಂಪು) ಕೋಶಗಳಲ್ಲೂ ಇದೆ. ಕುದಿಯುವಷ್ಟು ಬಿಸಿ ಅದಕ್ಕೆ ತಾಗದಂತೆ, ಪಂಜರ ಕಟ್ಟಿದ ಮೇಲೆ ಜೋಡಿಸಿ.

ಇನ್ನು ಔಷಧ. ಡಾಕ್ಸೊರುಬಿಸಿನ್ ಡಿಎನ್‌ಎಯ ಬೇಸ್ ಜೋಡಿಗಳ ನಡುವೆ ತಾನಾಗಿ ನುಸುಳಿ ಕೂರುತ್ತದೆ, ಕೂತಾಗ ಅದರ ಹೊಳಪು ಕುಗ್ಗುತ್ತದೆ. 480 ನ್ಯಾನೊಮೀಟರ್‌ನಲ್ಲಿ ಬೆಳಕು ಕೊಟ್ಟು 590ರ ಸುಮಾರಿಗೆ ಹೊಳಪು ಅಳೆದರೆ ತುಂಬಿದ್ದು ಗೊತ್ತಾಗುತ್ತದೆ. ಕೈಗವಸು ಕಡ್ಡಾಯ, ಇದು ಕೋಶ ಕೊಲ್ಲುವ ಔಷಧ. ಆಮೇಲೆ ಹೊರಗೆ ಉಳಿದದ್ದನ್ನು ಫಿಲ್ಟರ್‌ನಲ್ಲಿ ತೊಳೆಯಬೇಕು. ಇಲ್ಲಿ ಅವಸರ ಮಾಡುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಕೆಳಗಿಳಿದ ಕೆಂಪು ನೀರು ಕಣ್ಣಿಗೆ ತಿಳಿಯಾಗಿ ಕಂಡರೆ ಸಾಲದು. ಪ್ರತಿ ಸಲ ಅದರ ಹೊಳಪನ್ನು ಅಳೆಯುತ್ತ ಹೋಗಿ. ಪೂರ್ತಿ ಸೊನ್ನೆಗೆ ಬರುವುದಿಲ್ಲ, ಯಾಕೆಂದರೆ ಒಳಗಿನದು ಸ್ವಲ್ಪಸ್ವಲ್ಪ ಸೋರುತ್ತಲೇ ಇರುತ್ತದೆ. ಒಂದು ಮಟ್ಟಕ್ಕೆ ನಿಂತಾಗ ನಿಲ್ಲಿಸಿ, ಅಂದೇ ಬಳಸಿ.

ಬಿಡಿ ಔಷಧ ಉಳಿದುಬಿಟ್ಟರೆ ಡಿಶ್‌ನಲ್ಲಿನ ಗಡ್ಡೆಯ ಕೋಶಗಳನ್ನು ಅದೇ ಕೊಂದು, ಹೆಸರು ಪಂಜರಕ್ಕೆ ಬರುತ್ತದೆ. ಮಿದುಳಿನಲ್ಲಿ ಆ ಆಟ ನಡೆಯದು. ತಡೆಯ ಕೋಶಗಳಲ್ಲಿರುವ ಪಿ-ಗ್ಲೈಕೊಪ್ರೋಟೀನ್ ಪಂಪು ಬಿಡಿ ಡಾಕ್ಸೊರುಬಿಸಿನ್ ಅನ್ನು ರಕ್ತಕ್ಕೇ ವಾಪಸ್ ತಳ್ಳುತ್ತದೆ.

ಹಾಗಾಗಿ ಬಿಡಿ ಔಷಧ, ಪೆಪ್ಟೈಡ್ ಇಲ್ಲದ ತುಂಬಿದ ಪಂಜರ, ಪೆಪ್ಟೈಡ್ ಇರುವ ಖಾಲಿ ಪಂಜರ, ಈ ಮೂರನ್ನೂ ಜೊತೆಗಿಡಿ. 37 ಡಿಗ್ರಿಯ ಸೀರಮ್‌ನಲ್ಲಿ ಪಂಜರ ಎಷ್ಟು ಹೊತ್ತು ಉಳಿಯುತ್ತದೆಂದು ಜೆಲ್‌ನಲ್ಲಿ ನೋಡಿ. ಬಣ್ಣದ ಗುರುತು ಕೋಶದೊಳಗೆ ಹೊಳೆಯಿತೆಂದು ಪಂಜರ ಒಳಹೊಕ್ಕಿತು ಎನ್ನಬೇಡಿ: ನ್ಯೂಕ್ಲಿಯೇಸ್ ಕಿಣ್ವಗಳು ಡಿಎನ್‌ಎ ಕಡಿದ ಮೇಲೆ ಬಿಡಿ ಬಣ್ಣವೂ ಒಳಹೋಗಬಲ್ಲದು. ಇವೆಲ್ಲ ದಾಟಿದ ಮೇಲೆ ತಡೆಯ ಕೋಶಗಳನ್ನು ಪೊರೆಯ ಮೇಲೆ ಬೆಳೆಸಿ, ಗ್ಲಿಯೋಮಾ ಕೋಶಗಳನ್ನು ಕೆಳಗಿಟ್ಟು ಪರೀಕ್ಷಿಸಿ. ಪಂಜರ ಹಾಕುವ ಮುಂಚೆಯೂ ಆಮೇಲೆಯೂ ಪದರದ ವಿದ್ಯುತ್ ಪ್ರತಿರೋಧ ಅಳೆಯಿರಿ. ಅದು ಕುಸಿದಿದ್ದರೆ ಔಷಧ ದಾಟಿದ್ದು ಪದರದ ಬಿರುಕಿನಿಂದಲೂ ಇರಬಹುದು, ಪ್ಲೇಟಿನ ಆ ಗುಳಿಯ ಲೆಕ್ಕ ಬಿಡಿ.